ಸಂಬಂಧ ಕಡಿದ ಪ್ರಕಟಣೆ

ಮಗಳ ಜೊತೆಗಿನ ಸಂಬಂಧ ಕಡಿದುಕೊಂಡಿದ್ದೇನೆ ಎಂದು ಸರ್ಕಾರಿ ಪತ್ರಿಕೆಯಲ್ಲಿ ಹಾಕಿಸಿ, ಆ ಚೂರನ್ನು ಕತ್ತರಿಸಿ ತಂದು ತೋರಿಸಲು ದೋ ಓನ್ ಯಿನ್‌ಗೆ ಹದಿನೈದು ದಿನದ ಗಡುವು ಸಿಕ್ಕಿತ್ತು.

ಗಡುವು ಕೊಟ್ಟವನು ಸಬೆಗೋನ್ ಊರಿನ ಜಮೀನು ದಾಖಲೆ ಕಚೇರಿಯ ಹೊಸ ಮುಖ್ಯಸ್ಥ ಊ ನ್ಯೋ ತ್ವಿನ್. ಎರಡು ವರ್ಷದ ಹಿಂದಿನ ತನಕ ಸೈನ್ಯದಲ್ಲಿ ಕ್ಯಾಪ್ಟನ್ ಆಗಿದ್ದವನು. ಸಮವಸ್ತ್ರ ಬಿಚ್ಚಿಟ್ಟು ಬಂದಿದ್ದ, ಬೂಟು ಮಾತ್ರ ಬಿಚ್ಚಿರಲಿಲ್ಲ. 'ಕ್ಯಾಪ್ಟನ್ ಸಾಹೇಬ್ರೇ' ಎನ್ನದಿದ್ದರೆ ತಲೆಯೆತ್ತಿ ನೋಡುತ್ತಿರಲಿಲ್ಲ. ಬಂದ ಮೊದಲ ವಾರ ಹೊಲದ ನಕ್ಷೆಯೊಂದನ್ನು ತಲೆಕೆಳಗಾಗಿ ಹಿಡಿದುಕೊಂಡು, ನದಿ ಇರಬೇಕಾದ ಕಡೆ ಬೆಟ್ಟ ಯಾಕಿದೆ ಎಂದು ನಕ್ಷೆ ಬರೆದವರನ್ನೆಲ್ಲ ಕಾಲು ಗಂಟೆ ಬೈದಿದ್ದ. ಮೂವತ್ತನಾಲ್ಕು ವರ್ಷದಿಂದ ಆ ನಕ್ಷೆಗಳನ್ನು ಕಾಯುತ್ತಿದ್ದ ದೋ ಓನ್ ಯಿನ್ ಹತ್ತಿರ ಹೋಗಿ, ಏನೂ ಮಾತಾಡದೆ, ಕಾಗದವನ್ನು ಅವನ ಕೈಯಲ್ಲೇ ತಿರುಗಿಸಿಕೊಟ್ಟಿದ್ದಳು. ಅವನು ಅದನ್ನು ಮರೆತಿರಲಿಲ್ಲ.

"ಕೂತ್ಕೊಳ್ಳಿ ಚಿಕ್ಕಮ್ಮ," ಎಂದಿದ್ದ ಗಡುವು ಕೊಟ್ಟ ದಿನ. ಕಚೇರಿಯ ಹುಡುಗ ಹುಡುಗಿಯರೆಲ್ಲ ಅವಳನ್ನು ಚಿಕ್ಕಮ್ಮ ಎಂದೇ ಕರೆಯುತ್ತಿದ್ದರು. ಇವನ ಬಾಯಲ್ಲಿ ಆ ಮಾತು ಬಂತೆಂದರೆ ಯಾರದೋ ಕತ್ತು ಹಿಸುಕಲಿದ್ದಾನೆ ಎಂದೇ ಅರ್ಥ. "ನಿವೃತ್ತಿಗೆ ಇನ್ನೆಷ್ಟು ದಿನ?"

"ಮೂರು ತಿಂಗಳು, ಕ್ಯಾಪ್ಟನ್ ಸಾಹೇಬ್ರೇ."

"ಪಿಂಚಣಿ ಕಾಗದ ನನ್ನ ಮೇಜಿನ ಮೇಲಿದೆ. ಸಹಿ ಮಾಡೋಣ ಅಂತ ಪೆನ್ನು ತಗೊಂಡೆ. ಮೇಲಿನಿಂದ ಒಂದು ಪಟ್ಟಿ ಬಂತು ನೋಡಿ." ಅವನು ಹಾಳೆಯೊಂದನ್ನು ಬೆರಳಲ್ಲಿ ತಳ್ಳಿದ. "ಮಾ ಯುಪಾ, ವಯಸ್ಸು ಇಪ್ಪತ್ತೇಳು, ನರ್ಸು. ಅಸಹಕಾರಕ್ಕೆ ಇಳಿದವಳು. ಈಗ ಕಾಡಿನಲ್ಲಿ ಬಂಡುಕೋರರ ಗಾಯ ಹೊಲೀತಿದ್ದಾಳೆ. ಇದು ನಿಮ್ಮ ಮಗಳೇ ತಾನೆ?"

"ಹೌದು."

"ಮಗಳಲ್ಲ ಅಂತ ಹಾಕಿಸಿಬಿಡಿ. ಎಲ್ಲ ಕಚೇರಿಯಲ್ಲೂ ಹಾಕಿಸ್ತಿದ್ದಾರೆ. ನಾಲ್ಕು ಸಾಲು. ಆಮೇಲೆ ಪಿಂಚಣಿ ನಿಮ್ಮದು, ಸರ್ಕಾರಿ ಮನೆಯಲ್ಲಿ ಇನ್ನೊಂದು ವರ್ಷ ಇರಿ, ಯಾರು ಬೇಡ ಅಂತಾರೆ?"

ಅವಳು ಎದ್ದು ಬಂದಳು. ಕೈಯಲ್ಲಿ ಏನಾದರೂ ಇದ್ದಿದ್ದರೆ ಎಸೆದುಬಿಡುತ್ತಿದ್ದಳೇನೋ. ಏನೂ ಇರಲಿಲ್ಲ. ತನ್ನ ಜಾಗಕ್ಕೆ ಬಂದು, ತೆರೆದಿಟ್ಟಿದ್ದ ದಾಖಲೆ ಪುಸ್ತಕದಲ್ಲಿ ಒಬ್ಬನ ಹೆಸರಿನ ಮುಂದೆ ಇನ್ನೊಬ್ಬನ ಗದ್ದೆ ಬರೆದಳು. ಮೂವತ್ತನಾಲ್ಕು ವರ್ಷದಲ್ಲಿ ಮೊದಲ ತಪ್ಪು. ಅದನ್ನು ಹೊಡೆದುಹಾಕುವಾಗ ಕಾಗದ ಹರಿಯಿತು.

ಮೂರು ವರ್ಷದ ಹಿಂದೆ ಸೈನ್ಯ ಸರ್ಕಾರವನ್ನು ಕಿತ್ತುಕೊಂಡ ಎರಡನೆಯ ದಿನವೇ ಯುಪಾ ಆಸ್ಪತ್ರೆಯಿಂದ ಹೊರಗೆ ನಡೆದಿದ್ದಳು. ದೋ ಓನ್ ಯಿನ್ ಕೂಡ ಕಚೇರಿ ಬಿಟ್ಟು ನಡೆದಿದ್ದಳು. ಬರೀ ಮೂರು ವಾರ. ಗಂಡನಿಗೆ ಮೂತ್ರಪಿಂಡದ ಕಾಯಿಲೆ, ವಾರಕ್ಕೆರಡು ಸಲ ರಕ್ತ ಶುದ್ಧಿ ಮಾಡಿಸಬೇಕಿತ್ತು. ಕಚೇರಿಯ ಗುರುತಿನ ಚೀಟಿ ಇಲ್ಲದೆ ಆ ಯಂತ್ರದ ಹತ್ತಿರ ಬಿಡುತ್ತಿರಲಿಲ್ಲ. ಅವಳು ವಾಪಸು ಹೋಗಿ, ಇನ್ನು ಮುಂದೆ ಸರ್ಕಾರಕ್ಕೆ ನಿಷ್ಠಳಾಗಿರುತ್ತೇನೆ ಎಂದು ಬರೆದುಕೊಟ್ಟಳು. ಅದೇ ಕಚೇರಿಯ ಹನ್ನೊಂದು ಜನ ವಾಪಸು ಬರಲಿಲ್ಲ. ಅವರ ಕುರ್ಚಿಗಳನ್ನು ಗೋಡೆಗೆ ಒರಗಿಸಿ ಇಟ್ಟಿದ್ದರು. ದಿನಾ ಬೆಳಿಗ್ಗೆ ಅವುಗಳ ಮುಂದಿನಿಂದಲೇ ಹಾದು ತನ್ನ ಜಾಗಕ್ಕೆ ಹೋಗಬೇಕು. ಗಂಡ ಹೇಗೂ ಉಳಿಯಲಿಲ್ಲ. ಬರೆದುಕೊಟ್ಟ ಕಾಗದ ಉಳಿಯಿತು.

ಯುಪಾ ಅದಕ್ಕಾಗಿ ಅಮ್ಮನನ್ನು ಒಂದು ದಿನವೂ ಚುಚ್ಚಿರಲಿಲ್ಲ. ಚುಚ್ಚಿದ್ದರೆ ಚೆನ್ನಾಗಿತ್ತು ಎಂದು ಅಮ್ಮನಿಗೇ ಎಷ್ಟೋ ಸಲ ಅನಿಸಿದೆ.

ಮುಂದಿನ ಭಾನುವಾರ ಮಧ್ಯಾಹ್ನ, ಬಟ್ಟೆ ಹಿಂಡುತ್ತಿದ್ದಾಗ, ಪಕ್ಕದ ಮನೆಯವರ ಮೊಬೈಲಿಗೆ ಮಗಳ ಕರೆ ಬಂತು. ತಿಂಗಳಿಗೊಮ್ಮೆ, ಎಲ್ಲೋ ಗುಡ್ಡ ಹತ್ತಿದರೆ ಸಿಗ್ನಲ್ ಸಿಗುತ್ತದಂತೆ. ಹೋದ ಸಲ, ಗುಂಡು ಬಿದ್ದ ಸಿಪಾಯಿಯೊಬ್ಬನಿಗೂ ಹೊಲಿದೆ ಎಂದಿದ್ದಳು. ಸೋಪಿನ ಕೈಯಲ್ಲೇ ಮೊಬೈಲು ಹಿಡಿದುಕೊಂಡು ದೋ ಓನ್ ಯಿನ್ ಎಲ್ಲ ಹೇಳಿದಳು. ಆ ಕಡೆಯಿಂದ ನಗು ಕೇಳಿಸಿತು.

"ಅಯ್ಯೋ ಅಮೇ, ಇಷ್ಟಕ್ಕೆ ಅಳ್ತಿದ್ದೀಯಾ? ಹಾಕಿಸಿಬಿಡು. ಇಲ್ಲಿ ಎಲ್ಲರ ಮನೆಯವರೂ ಹಾಕಿಸಿದಾರೆ. ನಾವು ಕತ್ತರಿಸಿ ಗುಡಿಸಲ ಗೋಡೆಗೆ ಅಂಟಿಸಿಕೊಂಡಿದ್ದೀವಿ. ನನ್ನದೊಂದೇ ಇಲ್ಲ, ಮರ್ಯಾದೆ ಹೋಗ್ತಿದೆ."

"ನಗಬೇಡ ಕಣೇ."

"ನಗದೆ ಏನು ಮಾಡಲಿ? ಇಲ್ಲಿನ ಡಾಕ್ಟರಣ್ಣನ ಅಪ್ಪ ಒಂದಲ್ಲ, ಎರಡು ಸಲ ಹಾಕಿಸಿದಾರೆ. ಮೊದಲನೇದರಲ್ಲಿ ಹೆಸರು ತಪ್ಪಾಗಿತ್ತಂತೆ. ಅಮೇ, ಕಾಗದ ತಾನೆ? ಹಾಕಿಸು. ಮನೆ ಬಿಟ್ಟು ನೀನೆಲ್ಲಿ ಹೋಗ್ತೀಯ? ಊಟ ಸರಿಯಾಗಿ ಮಾಡ್ತಿದ್ದೀಯಾ?"

"ನೀನು?"

"ನಿನ್ನೆ ಬಿದಿರಿನ ಕಳಲೆ ಸಾರು. ಮೊನ್ನೆಯೂ ಅದೇ. ನಾಳೆ ಏನು ಅಂತ ನೀನೇ ಹೇಳು ನೋಡೋಣ."

ಕರೆ ಕಡಿದುಹೋಯಿತು. ಅವಳು ಮತ್ತೆ ಬಟ್ಟೆ ಹಿಂಡಲು ಕೂತಳು. ಹಿಂಡಿದ್ದನ್ನೇ ಹಿಂಡುತ್ತಿದ್ದಳು. ಅಳು ಎಂದು ಮಗಳು ತಿಳಿದಿದ್ದು ಅಳುವಾಗಿರಲಿಲ್ಲ. ಹಲ್ಲು ಕಚ್ಚಿ ಮಾತಾಡಿದರೆ ಗಂಟಲು ಹಾಗೆಯೇ ಕೇಳಿಸುತ್ತದೆ.

ಅಂಚೆ ಕಚೇರಿಯ ಪಕ್ಕದ ಸಣ್ಣ ಅಂಗಡಿಯಲ್ಲಿ ಪತ್ರಿಕೆಗೆ ಜಾಹೀರಾತು ಕಳಿಸುವವನು ಕೋ ಜೋ ಲತ್. ಅವಳು ಒಳಗೆ ಕಾಲಿಟ್ಟ ಕೂಡಲೇ ಮುಖ ನೋಡಿ ಅಚ್ಚಾದ ಹಾಳೆಗಳ ಕಟ್ಟು ತೆಗೆದ.

"ಮಗನೋ ಮಗಳೋ?"

"ನಾನು ಯಾತಕ್ಕೆ ಬಂದೆ ಅಂತ ನಿನಗೇನು ಗೊತ್ತು?"

"ಮೊದಲು ಕಳೆದುಹೋದ ಲೈಸೆನ್ಸು, ಹೆಸರು ಬದಲಾವಣೆ, ನಾಯಿ ತಪ್ಪಿಸಿಕೊಂಡಿದ್ದು, ಎಲ್ಲ ಬರ್ತಿತ್ತು ದೊಡ್ಡಮ್ಮ. ಈಗ ನಿಮ್ಮ ವಯಸ್ಸಿನವರು ಬಂದರೆ ಒಂದೇ ಕೆಲಸ." ಅವನು ಎಲೆ ಅಡಿಕೆ ಉಗುಳಿ ಬಂದ. "ಎರಡು ನಮೂನೆ ಇದೆ. 'ತಂದೆ ತಾಯಿಯ ಮಾತು ಮೀರಿ ನಡೆದಿದ್ದರಿಂದ' ಅನ್ನೋದು ಒಂದು. 'ಕ್ಷಮಿಸಲಾಗದ ಕೃತ್ಯ ಎಸಗಿದ್ದರಿಂದ' ಅನ್ನೋದು ಇನ್ನೊಂದು. ಕಚೇರಿಯವರು ಎರಡನೇದನ್ನೇ ಕೇಳ್ತಾರೆ. ಮೊದಲನೇದು ಹಾಕಿಸಿದರೆ ಮತ್ತೆ ವಾಪಸು ಕಳಿಸ್ತಾರೆ, ಸುಮ್ಮನೆ ಖರ್ಚು."

"ಮಾತು ಮೀರಿಲ್ಲ ಅವಳು," ಎಂದಳು ದೋ ಓನ್ ಯಿನ್. ದನಿ ಏರಿತ್ತು. "ಯಾವ ಮಾತೂ ಮೀರಿಲ್ಲ. ನೋವಿರೋರನ್ನು ಬಿಟ್ಟು ಬರಬೇಡ ಅಂತ ಹೇಳಿ ಬೆಳೆಸಿದವಳು ನಾನು."

ಕೋ ಜೋ ಲತ್ ಎರಡನೆಯ ನಮೂನೆಯನ್ನು ಮುಂದಿಟ್ಟ. "ಹಾಗಾದ್ರೆ ಇದೇ ಇರಲಿ ದೊಡ್ಡಮ್ಮ. ಯಾರ ಕೃತ್ಯ, ಯಾರು ಕ್ಷಮಿಸಬಾರದು ಅಂತ ಓದೋರಿಗೆ ಗೊತ್ತಾಗುತ್ತೆ."

ಅವನು ಸ್ಟೂಲು ತಳ್ಳಿ, ಹಿಂದಿನವರು ಅರ್ಧ ಕುಡಿದಿಟ್ಟಿದ್ದ ಚಹಾ ಲೋಟ ಸರಿಸಿ ಜಾಗ ಮಾಡಿಕೊಟ್ಟ. ಅವಳು ಮಗಳ ಹೆಸರು, ಗುರುತಿನ ಚೀಟಿಯ ಸಂಖ್ಯೆ, ಹುಟ್ಟಿದ ದಿನ ತುಂಬಿದಳು. ದುಂಡನೆಯ ಅಕ್ಷರ; ಗದ್ದೆಗಳ ಅಳತೆ ಬರೆದು ಬರೆದು ಪಳಗಿದ ಕೈ. ಆ ಕೈಯ ಮೇಲೆ ಅವಳಿಗೆ ಅಸಹ್ಯ ಹುಟ್ಟಿತು.

ಗುರುವಾರದ ಪತ್ರಿಕೆಯ ಹದಿನಾಲ್ಕನೆಯ ಪುಟದಲ್ಲಿ ಅಂಥವೇ ಇಪ್ಪತ್ತಮೂರರ ನಡುವೆ ಅದೂ ಬಂತು. ಸೌಟಿನಷ್ಟೂ ಅಗಲವಿಲ್ಲ. ಅವಳು ಕತ್ತರಿಸಿ, ಬಿಳಿ ಹಾಳೆಗೆ ಅಂಟಿಸಿ, ಕ್ಯಾಪ್ಟನ್ನನ ಮೇಜಿನ ಮೇಲಿಟ್ಟಳು. ಮುಗಿಯಿತು ಎಂದುಕೊಂಡಳು.

ಅವನು ಓದಿ, ಕುರ್ಚಿಗೆ ಒರಗಿದ.

"ಅಕ್ಷರ ಬಹಳ ಸಣ್ಣದಾಗಿದೆ ಚಿಕ್ಕಮ್ಮ. ಯಾರು ಓದ್ತಾರೆ ಇದನ್ನ? ಸೋಮವಾರ ಬೆಳಿಗ್ಗೆ ಬಾವುಟದ ಮುಂದೆ ಎಲ್ಲರೂ ಸೇರ್ತಾರಲ್ಲ, ಅಲ್ಲಿ ಗಟ್ಟಿಯಾಗಿ ಓದಿ. ಮೊಬೈಲಿನಲ್ಲಿ ಹಿಡಿದು ಮೇಲಕ್ಕೆ ಕಳಿಸಬೇಕು. ಒಂದೇ ಒಂದು ಸಾಲು ಸೇರಿಸಿದ್ದೀನಿ."

ಹಾಳೆಯ ಕೆಳಗೆ ಅವನ ಕೈಬರಹದಲ್ಲಿ ಇತ್ತು: *ನನ್ನ ಹೊಟ್ಟೆಯಲ್ಲಿ ಹುಟ್ಟಿದ ಈ ದ್ರೋಹಿ ಎಲ್ಲಿದ್ದರೂ ಹಾಳಾಗಲಿ, ಗುಂಡಿಗೆ ಬಲಿಯಾಗಲಿ.*

"ಇದು... ಇದು ಪತ್ರಿಕೆಯಲ್ಲಿ ಇಲ್ಲವಲ್ಲ."

"ಅದಕ್ಕೇ ಬಾಯಲ್ಲಿ ಹೇಳಿ ಅಂದಿದ್ದು."

ಕಾಗದದ ಮಾತು ಬೇರೆ. ಕಾಗದವನ್ನು ಮೂವತ್ತನಾಲ್ಕು ವರ್ಷ ನೋಡಿದವಳು ಅವಳು. ಹೊಳೆ ನುಂಗಿದ ಗದ್ದೆಗಳು ಅದರಲ್ಲಿ ಇನ್ನೂ ಹಸಿರಾಗಿವೆ, ಸತ್ತವರು ಇನ್ನೂ ಕಂದಾಯ ಕಟ್ಟುತ್ತಿದ್ದಾರೆ. ಆದರೆ ಬಾಯಿ? ಬುದ್ಧ, ಧರ್ಮ, ಸಂಘ, ಹೆತ್ತವರು, ಗುರು, ಈ ಐವರ ಮುಂದೆ ಮಂಡಿಯೂರಿ ಬೆಳೆದ ಜನ ಅವರು. ಹೆತ್ತವಳ ಬಾಯಿಂದ ಬಿದ್ದದ್ದು ಮಗುವಿಗೆ ತಟ್ಟಿಯೇ ತಟ್ಟುತ್ತದೆ. ಎಂಥ ಸಿಟ್ಟಿನಲ್ಲೂ ಅವಳ ಅವ್ವ 'ಸಾಯಿ' ಎಂದವಳಲ್ಲ. 'ನೂರು ವರ್ಷ ಬದುಕಿ ನನ್ನ ಪ್ರಾಣ ತಿನ್ನು' ಎನ್ನುತ್ತಿದ್ದಳು.

ವಿಷಯ ಕೇಳಿ, ಪಕ್ಕದ ಮೇಜಿನ ಗುಮಾಸ್ತೆ ಮಾ ಸೋ ನ್ವೆ ತಟ್ಟನೆ ನೆಲಕ್ಕೆ ಮೂರು ಸಲ ತೂ ತೂ ಎಂದಳು. "ತಪ್ಪಿ ಹೋಗಲಿ, ಕೆಟ್ಟದ್ದು ತಪ್ಪಿ ಹೋಗಲಿ! ಅಕ್ಕ, ಆ ಸಾಲು ಬಂದಾಗ ಕೆಮ್ಮಿಬಿಡಿ. ನಾನೂ ಕೆಮ್ಮುತೀನಿ. ಇಡೀ ಕಚೇರಿಗೆ ಕೆಮ್ಮು ಬಂದರೆ ಬೂಟಪ್ಪ ಏನು ಮಾಡ್ತಾನೆ?"

"ಮತ್ತೆ ಓದಿಸ್ತಾನೆ."

"ಹಾಗಾದ್ರೆ ಮನಸಿನಲ್ಲಿ ಅವನ ಹೆಸರು ಇಟ್ಕೊಂಡು ಓದಿ. ಶಾಪ ವಿಳಾಸ ನೋಡಿಕೊಂಡೇ ಹೋಗುತ್ತೆ."

"ಅವನಿಗೂ ಒಬ್ಬ ತಾಯಿ ಇರ್ತಾಳೆ ಕಣೇ."

"ಅಯ್ಯೋ ಅಕ್ಕ," ಎಂದಳು ಮಾ ಸೋ ನ್ವೆ ತಲೆ ಚಚ್ಚಿಕೊಂಡು. "ಇಂಥ ಹೊತ್ತಲ್ಲೂ ನಿಮ್ಮದು ಇದೇ ಆಯ್ತಲ್ಲ. ಸರಿ, ಏನು ಮಾಡ್ತೀರಿ ಹೇಳಿ. ಓದದಿದ್ದರೆ ಪಿಂಚಣಿ ಹೋಯ್ತು, ಮನೆ ಹೋಯ್ತು. ಒಳಗೂ ಹಾಕಬಹುದು."

"ಗೊತ್ತು."

"ಓದ್ತೀರಾ?"

ದೋ ಓನ್ ಯಿನ್ ಹಾಳೆ ಮಡಚಿ ಚೀಲಕ್ಕೆ ಹಾಕಿಕೊಂಡಳು. ಓದುತ್ತಾಳೋ ಇಲ್ಲವೋ ಅವಳಿಗೇ ಗೊತ್ತಿರಲಿಲ್ಲ.

ಶನಿವಾರ ಅಕ್ಕಿಯಲ್ಲಿ ಕಲ್ಲು ಆರಿಸಿದಳು. ಭಾನುವಾರ ಮಗಳ ಹಳೆಯ ಹಾಸಿಗೆ ಬಿಸಿಲಿಗೆ ಹಾಕಿದಳು. ಎರಡು ದಿನವೂ ಆ ಸಾಲು ನಾಲಿಗೆಯ ಹಿಂದೆ ಮೀನಿನ ಮುಳ್ಳಿನ ಹಾಗೆ ಅಡ್ಡ ನಿಂತಿತ್ತು. ಓದಿಬಿಡಬಹುದು, ಮೂರು ಉಸಿರಿನ ಮಾತು, ಎಂದು ಒಲೆಯ ಮುಂದೆ ಕೂತು ಲೆಕ್ಕ ಹಾಕಿದಳು. ತುಟಿ ಅಲ್ಲಾಡಿಸಿ ನೋಡಿದಳು. 'ನನ್ನ ಹೊಟ್ಟೆಯಲ್ಲಿ' ಎನ್ನುವ ತನಕ ಬಂತು. ಮುಂದೆ ಹೋಗಲಿಲ್ಲ. ಕೈಲಿದ್ದ ಇಕ್ಕಳವನ್ನು ಒಲೆಯ ಕಲ್ಲಿಗೆ ಬಡಿದಳು. ಬಡಿದ ಸದ್ದಿಗೆ ಪಕ್ಕದ ಮನೆಯವಳು ಕಿಟಕಿಯಿಂದ ಇಣುಕಿ, "ಏನಾಯ್ತು?" ಎಂದಳು.

"ಇಲಿ," ಎಂದಳು ದೋ ಓನ್ ಯಿನ್.

ಸೋಮವಾರ ಎಂಟೂವರೆಗೆ ಕಚೇರಿಯ ಅಂಗಳದಲ್ಲಿ ಇಪ್ಪತ್ತಾರು ಜನ ಮೂರು ಸಾಲಿನಲ್ಲಿ ನಿಂತಿದ್ದರು. ಬಾವುಟ ಏರಿತು. ಗೇಟಿನ ಹತ್ತಿರ ಕೋವಿ ಹಿಡಿದ ಇಬ್ಬರು. ಕ್ಯಾಪ್ಟನ್ ಮೆಟ್ಟಿಲ ಮೇಲೆ, ಅವನ ಪಕ್ಕದಲ್ಲಿ ಹೊಸ ಗುಮಾಸ್ತೆಯೊಬ್ಬಳು ಮೊಬೈಲು ಹಿಡಿದು.

"ನಮ್ಮಲ್ಲಿ ಒಬ್ಬರು ದೇಶ ದೊಡ್ಡದೋ ರಕ್ತ ದೊಡ್ಡದೋ ಅಂತ ಇವತ್ತು ತೋರಿಸಿಕೊಡ್ತಾರೆ," ಎಂದ ಅವನು. "ಎಲ್ಲರೂ ಗಮನವಿಟ್ಟು ಕೇಳಿ. ನಾಳೆ ನಿಮ್ಮಲ್ಲೂ ಯಾರದಾದರೂ ಸರದಿ ಬರಬಹುದು. ಚಿಕ್ಕಮ್ಮ, ಬನ್ನಿ."

ಅವಳು ಮುಂದೆ ಬಂದು ಹಾಳೆ ಬಿಚ್ಚಿದಳು. ಕ್ಯಾಪ್ಟನ್ನನ ತುಟಿಯ ಒಂದು ಮೂಲೆ ಮೇಲಕ್ಕೆ ಹೋಯಿತು, ಅದು ಅವಳಿಗೆ ಕಾಣಿಸಿತು.

"ದೋ ಓನ್ ಯಿನ್ ಆದ ನಾನು," ಎಂದು ಓದಿದಳು, "ಮಾ ಯುಪಾ ಎಂಬ ನನ್ನ ಮಗಳು..."

ಅಲ್ಲಿಗೆ ನಿಲ್ಲಿಸಿದಳು. ಮಗಳು ಎಂಬ ಮಾತು ಬಾಯಿಂದ ಹೊರಗೆ ಬಂದು ಅಂಗಳದಲ್ಲಿ ನಿಂತುಕೊಂಡಿತು. ಇನ್ನು ಅದರ ಹಿಂದೆ ಆ ಸಾಲನ್ನು ಕಳಿಸಬೇಕು. ನಾಯಿಯನ್ನು ಛೂ ಬಿಟ್ಟ ಹಾಗೆ.

"ಮುಂದೆ ಓದಿ," ಎಂದ ಕ್ಯಾಪ್ಟನ್.

ಅವಳು ಹಾಳೆ ಮಡಚಿದಳು. ಒಮ್ಮೆ, ಎರಡು ಸಲ, ನಾಲ್ಕು ಸಲ. ರವಿಕೆಯ ಒಳಗೆ ತುರುಕಿಕೊಂಡಳು. ದನಿ ತನ್ನದಲ್ಲ ಎನ್ನುವಷ್ಟು ಗಟ್ಟಿಯಾಗಿ ಬಂತು.

"ನನ್ನ ಮಗಳು ನೋವಿರೋರ ಗಾಯ ಹೊಲೀತಾಳೆ. ಯಾವ ಕಡೆಯವನು ಅಂತ ಕೇಳಿ ಹೊಲಿಯೋಳಲ್ಲ. ಹೋದ ತಿಂಗಳು ಕಾಲಿಗೆ ಗುಂಡು ಬಿದ್ದ ಒಬ್ಬ ಸಿಪಾಯಿಗೂ ಹೊಲಿದಳು. ಅವನ ಕಡೆಯವರು ಬಿಟ್ಟು ಓಡಿದ್ದರು. ಅವನು ಅವ್ವಾ ಅವ್ವಾ ಅಂತ ಕೂಗ್ತಿದ್ದನಂತೆ. ಅವನ ಅವ್ವನಿಗೆ ಮಾತ್ರ ಯಾರೂ ಹೇಳಿಲ್ಲ."

"ಏಯ್!" ಎಂದ ಕ್ಯಾಪ್ಟನ್.

"ಅವಳು ಹಾಕಿದ ಒಂದೊಂದು ಹೊಲಿಗೆಯ ಪುಣ್ಯ, ಅವಳನ್ನು ಹೆತ್ತ ನನ್ನ ಪುಣ್ಯ, ಇಲ್ಲಿ ನಿಂತಿರೋ ಎಲ್ಲರಿಗೂ, ಕಾಡಲ್ಲಿರೋರಿಗೂ, ಕೋವಿ ಹಿಡಿದೋರಿಗೂ, ಕಾಣೋರಿಗೂ ಕಾಣದೋರಿಗೂ, ಸಮಪಾಲು, ಸಮಪಾಲು, ಸಮಪಾಲು. ತಗೊಳ್ಳಿ ಎಲ್ಲರೂ!"

"ಸಾಧು! ಸಾಧು! ಸಾಧು!" ಎಂದಿತು ಅಂಗಳ.

ಯಾರೂ ಯೋಚಿಸಿ ಹೇಳಿದ್ದಲ್ಲ. ತೊಟ್ಟಿಲಲ್ಲಿ ಕಣ್ಣು ಬಿಟ್ಟಾಗಿನಿಂದ ಪ್ರತಿ ದಾನದ ಕೊನೆಯಲ್ಲಿ, ಪ್ರತಿ ಮದುವೆ ಸಾವಿನಲ್ಲಿ, ನೀರು ಹೊಯ್ದು ಪುಣ್ಯ ಹಂಚುವವರ ದನಿ ಆ ಮೂರು 'ಸಮಪಾಲು'ಗೆ ಬಂದು ಇಳಿದರೆ ಕೈ ತಾನಾಗಿ ಕೂಡುತ್ತದೆ, ಬಾಯಿ ತಾನಾಗಿ ತೆರೆಯುತ್ತದೆ. ಸಾಧು ಎಂದರೆ ಆ ಪುಣ್ಯವನ್ನು ಒಪ್ಪಿಕೊಂಡ ಹಾಗೆ; ಎಂದವನಿಗೆ ಪಾಲು ಸಂದಿತು. ಮೊಬೈಲು ಹಿಡಿದಿದ್ದ ಹುಡುಗಿ ಮೊಬೈಲು ಸಮೇತ ಕೈಮುಗಿದಿದ್ದಳು. ಗೇಟಿನ ಇಬ್ಬರು ಸಿಪಾಯಿಗಳಲ್ಲಿ ಒಬ್ಬ ಕೋವಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡಿದ್ದ. ಮೆಟ್ಟಿಲ ಮೇಲೆ ಊ ನ್ಯೋ ತ್ವಿನ್‌ನ ಎರಡೂ ಕೈ ಎದೆಯ ಮಟ್ಟಕ್ಕೆ ಬಂದು ಸೇರಿದ್ದವು. ಮೂರನೆಯ 'ಸಾಧು' ಅವನ ಗಂಟಲಿಂದ ಎಲ್ಲರಿಗಿಂತ ಗಟ್ಟಿಯಾಗಿ ಬಂದಿತ್ತು. ಆಜ್ಞೆ ಕೊಟ್ಟು ಪಳಗಿದ ಗಂಟಲು.

ಆಮೇಲೆ ಅಂಗಳದಲ್ಲಿ ಬಾವುಟದ ಹಗ್ಗ ಕಂಬಕ್ಕೆ ಬಡಿಯುವ ಸದ್ದೊಂದೇ.

ಅವನು ತನ್ನ ಕೈಗಳನ್ನು ನೋಡಿಕೊಂಡ. ಕೆಂಡ ಮುಟ್ಟಿದವನ ಹಾಗೆ ಬಿಡಿಸಿಕೊಂಡ. "ವಾಪಸು ತಗೊಳ್ಳಿ!" ಎಂದು ಕಿರುಚಿದ. "ಯಾರ್ಯಾರು ಅಂದಿದ್ದೀರೋ ಎಲ್ಲರೂ ವಾಪಸು ತಗೊಳ್ಳಿ!"

ಯಾರಿಗೂ ಅದು ಹೇಗೆ ಎಂದು ಗೊತ್ತಿರಲಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು.

"ಅಳಿಸು ಅದನ್ನ!"

"ಅಳಿಸ್ತಿದ್ದೀನಿ ಕ್ಯಾಪ್ಟನ್ ಸಾಹೇಬ್ರೇ," ಎಂದಳು ಮೊಬೈಲಿನ ಹುಡುಗಿ ಅಳುದನಿಯಲ್ಲಿ.

"ಇವತ್ತು ಸಂಜೆಯೊಳಗೆ ಪ್ರತಿಯೊಬ್ಬರೂ ಯಾಕೆ ಹಾಗಂದಿರಿ ಅಂತ ವಿವರಣೆ ಬರೆದುಕೊಡಬೇಕು. ಪ್ರತಿಯೊಬ್ಬರೂ!"

ಮಾ ಸೋ ನ್ವೆ ಬಹಳ ವಿನಯದಿಂದ ಕೈ ಎತ್ತಿದಳು. "ಸಾಹೇಬ್ರೇ, ಇಂಥ ವಿವರಣೆ ನಾವ್ಯಾರೂ ಬರೆದಿಲ್ಲ. ತಾವು ಬರೆದಿದ್ದನ್ನ ಒಂದು ಪ್ರತಿ ಕೊಟ್ಟರೆ, ನೋಡಿಕೊಂಡು ಬರೀತೀವಿ."

ನಗು ಬರಲಿಲ್ಲ, ನಗುವಷ್ಟು ಧೈರ್ಯ ಆ ಅಂಗಳದಲ್ಲಿ ಇರಲಿಲ್ಲ. ಆದರೆ ಮೂರು ಸಾಲಿನಲ್ಲೂ ಒಬ್ಬರೂ ತಲೆ ತಗ್ಗಿಸಲಿಲ್ಲ.

ಅವನು ಮೆಟ್ಟಿಲಿಳಿದು ದೋ ಓನ್ ಯಿನ್‌ಳ ಮುಖದ ಹತ್ತಿರ ಬಂದ. ಎಲೆ ಅಡಿಕೆಯ ವಾಸನೆ. "ಪಿಂಚಣಿ ಮರೆತುಬಿಡು. ಮೂರು ದಿನದಲ್ಲಿ ಮನೆ ಖಾಲಿ ಆಗಬೇಕು. ಮಿಕ್ಕಿದ್ದು ಏನಾಗುತ್ತೆ ಅಂತ ಮೇಲಿನವರು ತೀರ್ಮಾನ ಮಾಡ್ತಾರೆ. ದಾಖಲೆ ಕೋಣೆ ಈಗಲೇ ಒಪ್ಪಿಸು."

'ಚಿಕ್ಕಮ್ಮ' ಹೋಗಿ, 'ನೀವು' ಹೋಗಿ, 'ನೀನು' ಆಗಿತ್ತು. ಅವಳಿಗೆ ಅದು ಹಿತವೇ ಅನಿಸಿತು. ಮುಖವಾಡವಾದರೂ ಕಳಚಿತಲ್ಲ.

ಅವನ ಹಿಂದೆ ಒಳಗೆ ಹೋಗಿ, ಸೊಂಟದಿಂದ ಬೀಗದ ಕೈಗೊಂಚಲು ಬಿಚ್ಚಿ ಅವನ ಮೇಜಿನ ಮೇಲೆ ಇಟ್ಟಳು. ನಲವತ್ತೊಂದು ಕೀಲಿ. ಒಂದಕ್ಕೂ ಚೀಟಿ ಇಲ್ಲ, ಗುರುತಿಲ್ಲ. ಯಾವ ಕಪಾಟಿಗೆ ಯಾವುದು ಎನ್ನುವುದು ಅವಳ ಬೆರಳಿಗೆ ಗೊತ್ತಿತ್ತು; ಉಳಿದ ಯಾರಿಗೂ ಗೊತ್ತಿರಲಿಲ್ಲ.

"ಯಾವುದು ಯಾವುದರದ್ದು?" ಎಂದ.

"ಕೀಲಿಗಳನ್ನೇ ಕೇಳಿ ನೋಡಿ," ಎಂದಳು. "ಆಜ್ಞೆ ಮಾಡಿ. ಹೆದರಿ ಹೇಳಿದರೂ ಹೇಳಬಹುದು."

ಹೊರಗೆ ಬರುವಾಗ ಗೋಡೆಗೆ ಒರಗಿಸಿಟ್ಟ ಹನ್ನೊಂದು ಕುರ್ಚಿಗಳ ಮುಂದೆ ಈ ಸಲ ನಿಂತಳು. ಒಂದರ ಮೇಲಿನ ಧೂಳನ್ನು ಅಂಗೈಯಲ್ಲಿ ಒರೆಸಿದಳು. ಮೂರು ವರ್ಷ ತಡವಾಯಿತು, ಎಂದು ಗಟ್ಟಿಯಾಗಿಯೇ ಬೈದುಕೊಂಡಳು. ಸಿಟ್ಟು ಇಳಿದಿರಲಿಲ್ಲ. ಇಳಿಯುತ್ತದೆ ಎಂದು ಅವಳೂ ಕಾಯಲಿಲ್ಲ.

ಗೇಟಿನಲ್ಲಿ ಕೋವಿ ಕಂಕುಳಲ್ಲಿ ಸಿಕ್ಕಿಸಿಕೊಂಡಿದ್ದ ಸಿಪಾಯಿ ಅವಳ ಮುಖ ನೋಡದೆ, ತುಟಿ ಅಲುಗಿಸದೆ ಕೇಳಿದ: "ದೊಡ್ಡಮ್ಮ, ಆ ಕಾಲಿಗೆ ಗುಂಡು ಬಿದ್ದವನು... ಯಾವ ಊರಿನವನಂತೆ?"

"ಗೊತ್ತಿಲ್ಲಪ್ಪ," ಎಂದಳು. "ಬದುಕಿದಾನೆ. ಅಷ್ಟು ಗೊತ್ತು."

ಅವನು ಗೇಟು ತೆರೆದ. ಬಿಸಿಲು ಏರಿತ್ತು. ಮನೆ ಖಾಲಿ ಮಾಡಲು ಮೂರು ದಿನ ಅಂದಿದ್ದ. ಅಷ್ಟು ದಿನ ಇವರು ಕಾಯುವವರಲ್ಲ ಎಂದು ಅವಳಿಗೆ ಗೊತ್ತಿತ್ತು. ಯುಪಾಳ ಎರಡು ಲುಂಗಿ, ಒಂದು ಪಾತ್ರೆ, ನಾಲ್ಕು ಸೇರು ಅಕ್ಕಿ, ಬುದ್ಧನ ಸಣ್ಣ ಪಟ. ಕಾಡಿನ ಕಡೆ ಹೋಗುವ ಮಧ್ಯಾಹ್ನದ ಬಸ್ಸು ಒಂದೂವರೆಗೆ. ಅವಳು ಹೆಜ್ಜೆ ಬೇಗ ಹಾಕಿದಳು.